ದೇಶ ಬಿಟ್ಟು ಹೋಗಲು ಬಿಡದ ಸೋವಿಯತ್ ಒಕ್ಕೂಟ: ಹೊರಗಿನವರು ಬರೆದ ಕಾಗದದಿಂದ ಜೈಲಿನಲ್ಲಿದ್ದ ಯೆಹೂದಿಗಳಿಗೆ ಏನಾದರೂ ಆಯ್ತಾ?

ಲಾ_ಧಾರವಾಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೇನೆ. ಮೂಟ್ ಕೋರ್ಟ್‌ಗೆ (ವಿದ್ಯಾರ್ಥಿಗಳು ವಾದ ಮಾಡುವ ಅಣಕು ನ್ಯಾಯಾಲಯ) ಈ ಸಲ ಬಂದಿರುವ ವಿಷಯ ದೇಶ ಬಿಟ್ಟು ಹೋಗುವ ಹಕ್ಕು. ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಕೇಸನ್ನು ಎಲ್ಲಾ ತಂಡದವರೂ ಹೇಳೇ ಹೇಳುತ್ತಾರೆ. ಬೇರೆ ಏನಾದರೂ ಇರಲಿ ಅಂತ ಹುಡುಕುವಾಗ ಸೋವಿಯತ್ ಯೆಹೂದಿಗಳ ವಿಷಯ ಸಿಕ್ಕಿತು. 1970, 80ರ ದಶಕಗಳಲ್ಲಿ ಇಸ್ರೇಲಿಗೆ ಹೋಗಬೇಕು ಅಂತ ಅರ್ಜಿ ಹಾಕಿದವರನ್ನು ವರ್ಷಗಟ್ಟಲೆ ಬಿಡಲಿಲ್ಲ. ಗಲಾಟೆ ಮಾಡಿದವರನ್ನು ಒಳಗೆ ಹಾಕಿದರು. ಹೊರದೇಶಗಳಲ್ಲಿ ಸಾಮಾನ್ಯ ಜನ ಅವರಿಗಾಗಿ ಕಾಗದ ಬರೆದರು, ಸೋವಿಯತ್ ರಾಯಭಾರ ಕಚೇರಿಗಳ ಮುಂದೆ ಹೋಗಿ ನಿಂತರು.

ನನ್ನ ಅನುಮಾನ ಎರಡು. ಒಂದು, ಯಾವ ಕಾನೂನು ತೋರಿಸಿ ತಡೆದರು? ಎರಡು, ಆ ಕಾಗದ, ಆ ಪ್ರತಿಭಟನೆಯಿಂದ ನಿಜವಾಗಿ ಏನಾದರೂ ಆಯ್ತಾ? ನಮ್ಮ ಸೀನಿಯರ್ ಒಬ್ಬರು "ಪೋಸ್ಟ್‌ಕಾರ್ಡ್ ನೋಡಿ ಜೈಲಿನ ಬಾಗಿಲು ತೆಗೆಯೋ ಸರ್ಕಾರ ಯಾವುದಪ್ಪಾ" ಅಂತ ನಕ್ಕುಬಿಟ್ಟರು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಗೊತ್ತಿದ್ದವರು ಹೇಳಿ.

ಕಪ್ಪುಕೋಟು_ಮೈಸೂರು:

ಮೊದಲ ಪ್ರಶ್ನೆ ನನ್ನ ಪಾಲಿಗಿರಲಿ.

ತಡೆಯೋಕೆ ಅವರಿಗೆ ಕಾನೂನೇ ಬೇಕಿರಲಿಲ್ಲ. ದೇಶ ಬಿಟ್ಟು ಬೇರೆ ಕಡೆ ನೆಲೆಸುವುದು ಹಕ್ಕು ಅಂತ ಸೋವಿಯತ್ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಬೇರೆಯಾದ ಕುಟುಂಬವನ್ನು ಒಂದುಗೂಡಿಸುವುದು ಅನ್ನುವ ಒಂದೇ ದಾರಿ ಇತ್ತು. ಅದಕ್ಕೆ ಓವಿರ್ ಅನ್ನುವ ವೀಸಾ ಕಚೇರಿ. ಅದು ನಡೆಯುತ್ತಿದ್ದದ್ದು ಒಳಗಿನ ಸುತ್ತೋಲೆಗಳ ಮೇಲೆ. ಸರಿಯಾದ ಒಂದು ನಿರ್ಗಮನ ಕಾನೂನು ಪಾಸಾದದ್ದು 1991ರ ಮೇ ತಿಂಗಳಲ್ಲಿ. ಆ ವರ್ಷ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ.

ವಾದಕ್ಕೆ ಬೇಕಾದ ಮುಖ್ಯ ಎಳೆ ಇದು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ: ಯಾರು ಬೇಕಾದರೂ ಯಾವ ದೇಶವನ್ನಾದರೂ, ತನ್ನ ಸ್ವಂತ ದೇಶವನ್ನೂ, ಬಿಟ್ಟು ಹೋಗಬಹುದು, ತನ್ನ ದೇಶಕ್ಕೆ ವಾಪಸ್ ಬರಬಹುದು. ಸೋವಿಯತ್ ಒಕ್ಕೂಟ ಆಗ ಮತ ಹಾಕದೆ ತಟಸ್ಥವಾಗಿ ಕೂತಿತು. ಆದರೆ 1973ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಅದರ 12ನೇ ವಿಧಿಯಲ್ಲೂ ಇದೇ ಮಾತು. 1975ರ ಆಗಸ್ಟ್ 1ರಂದು, ಮಾನವ ಹಕ್ಕುಗಳನ್ನು ಗೌರವಿಸುತ್ತೇವೆ ಅನ್ನುವ ಹೆಲ್ಸಿಂಕಿ ಒಪ್ಪಂದಕ್ಕೂ ಸಹಿ ಹಾಕಿತು. ಅಲ್ಲಿಂದ ಮುಂದೆ "ಇದು ನಮ್ಮ ಮನೆಯ ವಿಷಯ, ನೀವ್ಯಾರು ಕೇಳೋಕೆ" ಅನ್ನುವುದು ಕಷ್ಟವಾಯಿತು.

ಇನ್ನೊಂದು. ಮೇನಕಾಗಿಂತ ಮುಂಚಿನ 1967ರ ಸತ್ವಂತ್ ಸಿಂಗ್ ಸಾಹ್ನಿ ಕೇಸು ಓದಿ. ಆಗ ನಮ್ಮಲ್ಲೂ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿ. ಹಾಗೆ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು.

ಎರಡನೇ ಪ್ರಶ್ನೆ ನನಗೆ ಗೊತ್ತಿಲ್ಲದ ಊರು. ಇಸ್ರೇಲಿನಲ್ಲಿರುವ ನಮ್ಮವರು ಇಲ್ಲಿ ಕೆಲವರಿದ್ದಾರೆ, ಅವರು ಹೇಳಲಿ.

ಕುಂದಾಪುರ_ಟು_ಹೈಫಾ:

ಕರೆದರಲ್ಲ, ಬಂದೆ.

ನಾನು ಕುಂದಾಪುರದ ಕಡೆಯವಳು. ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಉಡುಪಿ, ಮಂಗಳೂರು ಕಡೆಯ ತುಂಬಾ ಜನ ಇಲ್ಲಿ ಇದೇ ಕೆಲಸದಲ್ಲಿದ್ದೇವೆ. ನಾನು ನೋಡಿಕೊಳ್ಳುವ ಅಜ್ಜಿ ಲೆನಿನ್‌ಗ್ರಾಡಿನವರು, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್. ಅವರೂ ಅವರ ಗಂಡನೂ ಅರ್ಜಿ ಹಾಕಿ ಸಿಕ್ಕಿಹಾಕಿಕೊಂಡವರೇ. ಗಂಡ ಈಗಿಲ್ಲ. ಬರೆಯಲಾ ಅಂತ ಅಜ್ಜಿಯನ್ನು ಕೇಳಿದೆ. ಬರಿ, ಹೆಸರು ಮಾತ್ರ ಹಾಕಬೇಡ ಅಂದರು. ಕೆಳಗಿನದರಲ್ಲಿ ಅರ್ಧ ಅವರು ಹೇಳಿದ್ದು, ಇನ್ನರ್ಧ ರಾತ್ರಿ ಅವರು ಮಲಗಿದ ಮೇಲೆ ನಾನು ಓದಿದ್ದು.

ಮೊದಲು ಅರ್ಜಿಯ ಕಥೆ ಕೇಳಿ. ಇಸ್ರೇಲಿನಲ್ಲಿರುವ ಸಂಬಂಧಿಕರಿಂದ ಆಹ್ವಾನ ಪತ್ರ ಬರಬೇಕು. 1967ರ ಯುದ್ಧವಾದ ಮೇಲೆ ಮಾಸ್ಕೋ ಇಸ್ರೇಲ್ ಜೊತೆ ಸಂಬಂಧ ಕಡಿದುಕೊಂಡಿತ್ತು, ಹಾಗಾಗಿ ಮಾಸ್ಕೋದಲ್ಲಿ ಇಸ್ರೇಲಿನ ಕೆಲಸ ನೋಡುತ್ತಿದ್ದದ್ದು ನೆದರ್ಲೆಂಡ್ಸ್ ರಾಯಭಾರ ಕಚೇರಿ. ಆಮೇಲೆ ಆಫೀಸಿನಿಂದ ನಡತೆ ಸರ್ಟಿಫಿಕೇಟ್. ಅದನ್ನು ಕೇಳಿದ ಕ್ಷಣವೇ ನೀವು ಹೊರಟಿದ್ದೀರಿ ಅಂತ ಊರಿಗೆಲ್ಲ ಗೊತ್ತಾಯಿತು ಅಂತಲೇ ಲೆಕ್ಕ. ಮೀಟಿಂಗ್ ಕರೀತಾರೆ. ವರ್ಷಗಟ್ಟಲೆ ಜೊತೆಗೆ ಚಹಾ ಕುಡಿದವರು ಒಬ್ಬೊಬ್ಬರೇ ಎದ್ದು ನಿಂತು ದ್ರೋಹಿ ಅಂತ ಬೈಯಬೇಕು. ಅಜ್ಜಿಗೆ ಇವತ್ತಿಗೂ ಆ ಮೀಟಿಂಗಿನಲ್ಲಿ ಯಾರು ಎಲ್ಲಿ ಕೂತಿದ್ದರು ಅಂತ ನೆನಪಿದೆ. ಒಬ್ಬ ಹೆಂಗಸು ಬೈಯುವಾಗ ಮುಖ ನೋಡದೆ ಕಿಟಕಿ ಕಡೆ ತಿರುಗಿದ್ದರಂತೆ. ಅವರನ್ನು ಮಾತ್ರ ಅಜ್ಜಿ ಕ್ಷಮಿಸಿದ್ದಾರೆ. ನಲವತ್ತು ದಾಟಿದವರಿಗೂ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕು. ಪೌರತ್ವ ಬಿಟ್ಟುಕೊಡೋಕೆ 500 ರೂಬಲ್ ಕಟ್ಟಬೇಕು. 1972ರಲ್ಲಂತೂ ಓದಿದವರ ಮೇಲೆ ಇನ್ನೊಂದು ಸುಂಕ ಹಾಕಿದರು: ಸರ್ಕಾರದ ಖರ್ಚಿನಲ್ಲಿ ಡಿಗ್ರಿ ಮಾಡಿದ್ದೀಯ, ಅದನ್ನು ವಾಪಸ್ ಕಟ್ಟಿ ಹೋಗು ಅಂತ. ಕೆಲವರಿಗೆ ಅದು ಹಲವು ವರ್ಷದ ಸಂಬಳ. ಜಗತ್ತೆಲ್ಲ ಬೊಬ್ಬೆ ಹಾಕಿದ ಮೇಲೆ ಮರುವರ್ಷ ಅದನ್ನು ಕೈಬಿಟ್ಟರು.

ಇಷ್ಟೆಲ್ಲ ಕೊಟ್ಟ ಮೇಲೆ ಉತ್ತರ ಬರುತ್ತದೆ. ಬಾಯಿಮಾತಿನಲ್ಲಿ! ತಮ್ಮಾ, ನೀವು ಕಾನೂನು ಓದುವವರು, ಇದನ್ನು ಬರೆದಿಟ್ಟುಕೊಳ್ಳಿ. ಇಲ್ಲ ಅನ್ನುವುದಕ್ಕೆ ಸಾಮಾನ್ಯವಾಗಿ ಕಾಗದ ಕೊಡುತ್ತಿರಲಿಲ್ಲ. ಕೌಂಟರಿನ ಹಿಂದಿದ್ದ ಹೆಂಗಸು ತಲೆ ಎತ್ತದೆ ನಿಮ್ಮ ಯಜಮಾನರಿಗೆ ರಹಸ್ಯ ಗೊತ್ತಿದೆ, ಆಗಲ್ಲ ಅಂದರಂತೆ. ಅಜ್ಜಿಯ ಗಂಡ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಂದರಲ್ಲಿ ಇಂಜಿನಿಯರ್. ಎಷ್ಟು ವರ್ಷ ಆಗಲ್ಲ? ಉತ್ತರವಿಲ್ಲ. ಯಾವ ರಹಸ್ಯ? ಅದೂ ರಹಸ್ಯ. ಕೈಯಲ್ಲಿ ಕಾಗದವೇ ಇಲ್ಲ ಅಂದ ಮೇಲೆ ಮೇಲ್ಮನವಿ ಎಲ್ಲಿಗೆ ಹಾಕ್ತೀರಿ?

ಕೆಲಸ ಹೋಯಿತು. ಯಜಮಾನರು ಬಾಯ್ಲರ್ ಮನೆಯಲ್ಲಿ ರಾತ್ರಿ ಪಾಳಿ, ಅಜ್ಜಿ ಮೆಟ್ಟಿಲು ಗುಡಿಸುವ ಕೆಲಸ. ಸುಮ್ನೆ ಮನೆಯಲ್ಲಿ ಕೂರುವ ಹಾಗೂ ಇಲ್ಲ. ಕೆಲಸವಿಲ್ಲದಿದ್ದರೆ ಪರಾವಲಂಬಿ ಅಂತ ಕೇಸು ಹಾಕಬಹುದಿತ್ತು. ಯೋಸಿಫ್ ಬೆಗುನ್ ಅನ್ನುವವರಿಗೆ ಇದೇ ಆಯಿತು. ಕೆಲಸ ಕಳೆದುಕೊಂಡ ಮೇಲೆ ಹೀಬ್ರೂ ಪಾಠ ಹೇಳಿ ಬದುಕುತ್ತಿದ್ದರು. ಅದು ಕೆಲಸವೇ ಅಲ್ಲ ಅಂತ 1977ರಲ್ಲಿ ಸೈಬೀರಿಯಾದ ಆಚೆ ಮೂಲೆಗೆ ಗಡೀಪಾರು. 1982ರಲ್ಲಿ ಮತ್ತೆ ಹಿಡಿದು, ಮರುವರ್ಷ 7 ವರ್ಷ ಜೈಲು, 5 ವರ್ಷ ಗಡೀಪಾರು ಅಂತ ಶಿಕ್ಷೆ. ಯೂಲಿ ಎಡೆಲ್‌ಸ್ಟೈನ್ ಕೂಡ ಹೀಬ್ರೂ ಮೇಷ್ಟ್ರೇ. 1984ರಲ್ಲಿ ಮನೆಯಲ್ಲಿ ಮಾದಕ ವಸ್ತು ಸಿಕ್ಕಿತು ಅಂತ ಹಿಡಿದರು. ಅವರು ಆಮೇಲೆ ಇಲ್ಲಿನ ಸಂಸತ್ತಿನ ಸ್ಪೀಕರ್ ಆದರು. ಅವರು ಟಿವಿಯಲ್ಲಿ ಬಂದರೆ ಅಜ್ಜಿ ಸೌಂಡ್ ಜಾಸ್ತಿ ಮಾಡಿಸುತ್ತಾರೆ, ಆಮೇಲೆ ಅವರ ರಾಜಕೀಯಕ್ಕೆ ಬೈಯುತ್ತಾರೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಅಜ್ಜಿಯ ಕಪಾಟಿನಲ್ಲಿ ಬಿಸ್ಕತ್ತಿನ ಒಂದು ದೊಡ್ಡ ತಗಡಿನ ಡಬ್ಬಿ ಇದೆ. ಅದರ ತುಂಬಾ ಇಂಗ್ಲೆಂಡ್, ಅಮೆರಿಕದಿಂದ ಬಂದ ಕಾರ್ಡುಗಳು. ನಾನು ಬಿಡಿಸಿ ನೋಡಿದ್ದೇನೆ. ಕ್ರಾಂತಿಯ ಮಾತು ಒಂದೂ ಇಲ್ಲ ಮಾರಾಯ್ರೆ. ನಮ್ಮ ಬೆಕ್ಕು ಮರಿ ಹಾಕಿದೆ, ಇಲ್ಲಿ ಮಳೆ, ನಿಮ್ಮ ಮಗಳು ಹೇಗಿದ್ದಾಳೆ, ಇಂಥದ್ದೇ. ಒಂದು ಕಾರ್ಡಿನಲ್ಲಿ ಒಬ್ಬಳು ಹುಡುಗಿ ತನ್ನ ಹಲ್ಲಿಗೆ ತಂತಿ ಹಾಕಿಸಿದ್ದನ್ನು ಚಿತ್ರ ಬರೆದು ತೋರಿಸಿದ್ದಾಳೆ. ಅವಳು ಅಜ್ಜಿಯ ಮಗಳ ಜೊತೆಗಾತಿ. ಯೆಹೂದಿ ಮಕ್ಕಳಿಗೆ ಹನ್ನೆರಡು ಹದಿಮೂರು ವಯಸ್ಸಿಗೆ ನಮ್ಮ ಉಪನಯನದ ಥರ ಒಂದು ಸಮಾರಂಭ ಇರುತ್ತದಲ್ಲ, ಆಗ ಇಂಗ್ಲೆಂಡ್, ಅಮೆರಿಕದ ಮಕ್ಕಳು ಸೋವಿಯತ್ ಒಕ್ಕೂಟದ ಒಂದು ಮಗುವಿನ ಹೆಸರನ್ನೂ ತಮ್ಮ ಹೆಸರಿನ ಜೊತೆ ಕರೆಸುತ್ತಿದ್ದರು. ಪಸ್ಕ ಹಬ್ಬದ ಊಟಕ್ಕೆ ಒಂದು ಖಾಲಿ ಕುರ್ಚಿ ಹಾಕಿ, ಬರಲಾಗದವರ ಹೆಸರು ಹೇಳುತ್ತಿದ್ದರು. ಕೈದಿಯ ಹೆಸರು ಕೆತ್ತಿದ ಲೋಹದ ಬಳೆ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದರು.

ಬರೆದದ್ದೇನು ಅನ್ನುವುದು ಮುಖ್ಯವೇ ಅಲ್ಲ ಅಂತಾರೆ ಅಜ್ಜಿ. ಕಾಗದ ರಿಜಿಸ್ಟರ್ಡ್ ಎಡಿ ಆಗಿ ಬರುತ್ತಿತ್ತು. ಮುಟ್ಟಿದ ಚೀಟಿಗೆ ಸಹಿ ಹಾಕಿಸಿ ವಾಪಸ್ ಕಳಿಸಬೇಕು. ಕಳೆದುಹೋದರೆ ಅಂತರರಾಷ್ಟ್ರೀಯ ಅಂಚೆ ನಿಯಮದ ಪ್ರಕಾರ ಪರಿಹಾರ ಕೊಡಬೇಕು. ಅಂದರೆ ಪ್ರತಿ ಲಕೋಟೆಗೂ ಯಾವನೋ ಒಬ್ಬ ಗುಮಾಸ್ತ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು, ಇನ್ನೊಬ್ಬ ಒಡೆದು ಓದಬೇಕು. ತಾಲೂಕು ಕಚೇರಿಯಲ್ಲಿ ದಿನಾ ಹೋಗಿ ಕೇಳುವವರಿರುವ ಫೈಲನ್ನು ಕಳೆಯೋಕೆ ಯಾರಿಗೂ ಧೈರ್ಯ ಬರಲ್ಲ ಅಲ್ವಾ? ಹಾಗೆ. ಈ ಹೆಸರನ್ನು ಹೊರಗೆ ಯಾರೋ ಲೆಕ್ಕ ಇಟ್ಟಿದ್ದಾರೆ ಅಂತ ಕೆಜಿಬಿ ಅನ್ನುವ ಅಲ್ಲಿನ ಗುಪ್ತ ಪೊಲೀಸರಿಗೆ ಗೊತ್ತಾಗಬೇಕು, ಅಷ್ಟೇ.

ಇನ್ನು ಹೊಟ್ಟೆಪಾಡು. ಪ್ರವಾಸಿಗಳ ವೇಷದಲ್ಲಿ ಬರುತ್ತಿದ್ದವರು ಜೀನ್ಸ್, ಕ್ಯಾಮೆರಾ ತಂದು ಬಿಟ್ಟು ಹೋಗುತ್ತಿದ್ದರು. ಅದನ್ನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮಾರಿದರೆ ಹಲವು ತಿಂಗಳ ರೇಷನ್. ಜಪಾನಿನ ಒಂದು ಕ್ಯಾಮೆರಾ ಬಂದಾಗ ಮಗಳು ಒಂದೇ ಒಂದು ಫೋಟೋ ತೆಗೆಯೋಣ ಅಂತ ಅತ್ತಳಂತೆ. ಬಳಸಿದರೆ ರೇಟು ಬೀಳುತ್ತದೆ ಅಂತ ಅಜ್ಜಿ ಕೊಡಲಿಲ್ಲ.

ಜೈಲಿನಲ್ಲಿದ್ದವರಿಗೆ ಪಾರ್ಸೆಲ್ ಕಟ್ಟುತ್ತಿದ್ದದ್ದು ಅಜ್ಜಿಯ ಅಡುಗೆಮನೆಯಲ್ಲೂ. ಶಿಬಿರದ ನಿಯಮ ಏನು ಗೊತ್ತಾ? ಶಿಕ್ಷೆಯ ಅರ್ಧ ಮುಗಿಯುವವರೆಗೆ ಪಾರ್ಸೆಲ್ಲೇ ಇಲ್ಲ. ಆಮೇಲೂ ಒಂದಕ್ಕೆ 5 ಕಿಲೋ ಮಿತಿ. ಅಧಿಕಾರಿಗೆ ಸಿಟ್ಟು ಬಂದರೆ ಅದೂ ಕಟ್. ಗಟ್ಟಿ ಸಾಸೇಜ್, ಬೆಳ್ಳುಳ್ಳಿ, ಒಣ ಹಣ್ಣು. ತೂಕ ನೋಡಿ, ಬಟ್ಟೆಯಲ್ಲಿ ಸುತ್ತಿ ಹೊಲಿದು, ಒದ್ದೆ ಮಾಡಿದ ಪೆನ್ಸಿಲಿನಲ್ಲಿ ವಿಳಾಸ. 5 ಕಿಲೋ ಮೇಲೆ ಸ್ವಲ್ಪ ಹೋದರೂ ವಾಪಸ್ ಬರುತ್ತದೆ, ಅದಕ್ಕೆ ಕೊನೆಗೆ ಬೆಳ್ಳುಳ್ಳಿ ಎಸಳು ಎಣಿಸಿ ತೆಗೆಯುತ್ತಿದ್ದರಂತೆ. ಈಗಲೂ ಅಜ್ಜಿಗೆ ಒಂದು ಸೇಬು ಕೈಯಲ್ಲಿ ಕೊಟ್ಟರೆ ತೂಕ ಸರಿಯಾಗಿ ಹೇಳುತ್ತಾರೆ. ನಾನು ತಕ್ಕಡಿ ಇಟ್ಟು ನೋಡಿದ್ದೇನೆ.

ಈ ಕೆಲಸದಲ್ಲಿ ಅಜ್ಜಿಯ ದೇವರು ಮಾಸ್ಕೋದ ಈದಾ ನುದೆಲ್. ಅರ್ಥಶಾಸ್ತ್ರ ಓದಿದ ಒಂಟಿ ಹೆಂಗಸು. 1971ರಲ್ಲಿ ಅರ್ಜಿ ಹಾಕಿ ಸಿಕ್ಕಿಬಿದ್ದರು. ತಂಗಿ ಇಸ್ರೇಲಿಗೆ ಹೋದರು, ಇವರು ಮಾತ್ರ ಉಳಿದರು. ಇವರು ಕೈದಿಗಳಿಗೆಲ್ಲ ಕಾಗದ, ಪಾರ್ಸೆಲ್ ಕಳಿಸುತ್ತಾ, ಅವರ ಸ್ಥಿತಿಯನ್ನು ಹೊರದೇಶಕ್ಕೆ ತಿಳಿಸುತ್ತಾ ಕೂತರು. 1978ರ ಜೂನ್ 1ರಂದು ಕೆಜಿಬಿ ನನ್ನ ವೀಸಾ ಕೊಡಿ ಅಂತ ಬರೆದ ಬ್ಯಾನರನ್ನು ತಮ್ಮ ಬಾಲ್ಕನಿಗೆ ನೇತುಹಾಕಿದರು. ಪುಂಡಾಟ ಅಂತ ಕೇಸು. 4 ವರ್ಷ ಸೈಬೀರಿಯಾಕ್ಕೆ ಗಡೀಪಾರು, ಇರೋಕೆ ಕೊಟ್ಟದ್ದು ಗಂಡಸರೇ ತುಂಬಿದ ಹಾಸ್ಟೆಲ್. ಅದೇ ದಿನ ವ್ಲಾದಿಮಿರ್ ಸ್ಲೆಪಾಕ್ ದಂಪತಿಯೂ ಗೋರ್ಕಿ ಬೀದಿಯ ತಮ್ಮ ಬಾಲ್ಕನಿಯಲ್ಲಿ ಬ್ಯಾನರ್ ಹಾಕಿದ್ದರು: ಇಸ್ರೇಲಿನಲ್ಲಿರುವ ಮಗನ ಹತ್ತಿರ ಹೋಗಲು ಬಿಡಿ ಅಂತ. ವ್ಲಾದಿಮಿರ್‌ಗೆ 5 ವರ್ಷ ಗಡೀಪಾರು. ಸ್ಲೆಪಾಕ್ ಅರ್ಜಿ ಹಾಕಿದ್ದು 1970ರಲ್ಲಿ, ಹೊರಗೆ ಬಂದದ್ದು 1987ರಲ್ಲಿ.

ಜೈಲಿನೊಳಗೆ ಕಾಗದ ಎಷ್ಟು ದೊಡ್ಡದು ಅನ್ನೋಕೆ ಶರಾನ್ಸ್ಕಿಯನ್ನು ನೋಡಿ. ಗಣಿತದವರು, ಚೆಸ್ ಆಟಗಾರ. 1974ರ ಜುಲೈಯಲ್ಲಿ ಮದುವೆ, ಮರುದಿನವೇ ಹೆಂಡತಿ ಅವಿತಾಲ್‌ಗೆ ದೇಶ ಬಿಡಬೇಕಾಯಿತು. ಇವರಿಗೆ ವೀಸಾ ಇಲ್ಲ. 1977ರ ಮಾರ್ಚಿನಲ್ಲಿ ಬಂಧನ, ಮರುವರ್ಷ ಅಮೆರಿಕದ ಗೂಢಚಾರ ಅಂತ 13 ವರ್ಷ ಶಿಕ್ಷೆ. ನಮ್ಮವರಲ್ಲ ಅಂತ ಅಮೆರಿಕದ ಅಧ್ಯಕ್ಷ ಕಾರ್ಟರ್ ಬಹಿರಂಗವಾಗಿ ಹೇಳಿದರೂ ಕೇಳಲಿಲ್ಲ. 1982ರಲ್ಲಿ ಮನೆಯ ಕಾಗದಗಳನ್ನು ತಡೆದಿಟ್ಟಾಗ ಈ ಮನುಷ್ಯ ಉಪವಾಸ ಕೂತರು. 110 ದಿನ. ನಡುನಡುವೆ ಬಲವಂತವಾಗಿ ಗಂಜಿ ಇಳಿಸಿದರು. ಅಮ್ಮನ ಜೊತೆ ಕಾಗದದ ವ್ಯವಹಾರ ಮತ್ತೆ ಶುರುವಾದ ಮೇಲೇ ಬಿಟ್ಟದ್ದು. ಊಟಕ್ಕಾಗಿ ಅಲ್ಲ, ಬಿಡುಗಡೆಗಾಗಿ ಅಲ್ಲ, ಕಾಗದಕ್ಕಾಗಿ. ನಿಮ್ಮ ಸೀನಿಯರ್‌ಗೆ ಇದನ್ನು ಹೇಳಿ.

ಪ್ರಶ್ನೆ_ಮಾಡು:

ಕುಂದಾಪುರದ ಅಕ್ಕ ಚೆನ್ನಾಗಿ ಬರೆದಿದ್ದಾರೆ. ಆದರೂ ನಾನು ಸ್ವಲ್ಪ ಕೊಂಕು ತೆಗೀತೀನಿ, ಬೇಜಾರು ಮಾಡ್ಕೋಬೇಡಿ.

ಇದು ಶೀತಲ ಸಮರದ ಆಟ ಅಲ್ವಾ? ಅಮೆರಿಕಕ್ಕೆ ರಷ್ಯಾವನ್ನು ಚುಚ್ಚೋಕೆ ಒಂದು ನೆಪ ಬೇಕಿತ್ತು. ಜಾಕ್ಸನ್, ವ್ಯಾನಿಕ್ ಅನ್ನೋ ಇಬ್ಬರು ಅಮೆರಿಕದ ಸಂಸದರ ಹೆಸರಿನ ತಿದ್ದುಪಡಿಯನ್ನು ವ್ಯಾಪಾರ ಕಾನೂನಿಗೆ ತಂದು, ಜನರನ್ನು ಹೊರಗೆ ಬಿಡದ ದೇಶಕ್ಕೆ ವ್ಯಾಪಾರದ ರಿಯಾಯಿತಿ ಇಲ್ಲ ಅಂದರು. 1975ರ ಜನವರಿಯಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದರು. ಆಗಿದ್ದೇನು? ಮಾಸ್ಕೋ ಸಿಟ್ಟಾಗಿ ವ್ಯಾಪಾರ ಒಪ್ಪಂದವನ್ನೇ ಬಿಸಾಕಿತು. 1973ರಲ್ಲಿ 30 ಸಾವಿರಕ್ಕೂ ಜಾಸ್ತಿ ಜನ ಹೋಗಿದ್ದರು, 1975ರಲ್ಲಿ 13 ಸಾವಿರದ ಆಸುಪಾಸು. 1979ರಲ್ಲಿ ಸಂಬಂಧ ಚೆನ್ನಾಗಿದ್ದಾಗ 51 ಸಾವಿರ. ಅಫ್ಘಾನಿಸ್ತಾನದ ಗಲಾಟೆ ಆದಮೇಲೆ ಇಳೀತಾ ಇಳೀತಾ 1986ರಲ್ಲಿ ಸಾವಿರಕ್ಕೂ ಕಮ್ಮಿ. ಆ ಎಲ್ಲಾ ವರ್ಷ ಪೋಸ್ಟ್‌ಕಾರ್ಡ್ ಹೋಗ್ತಾನೇ ಇತ್ತು. ಹಾಗಾದರೆ ಬಾಗಿಲು ತೆಗೆದದ್ದು, ಮುಚ್ಚಿದ್ದು ಯಾರು?

ಇನ್ನೊಂದು. ಸ್ಟಾಲಿನ್ ಕಾಲದಲ್ಲಿ ಊರು ಬಿಡಿಸಿ ಓಡಿಸಿದ್ದ ಕ್ರಿಮಿಯಾದ ತಾತಾರರು ತಮ್ಮದೇ ಊರಿಗೆ ವಾಪಸ್ ಹೋಗಬೇಕು ಅಂತ ಒದ್ದಾಡುತ್ತಿದ್ದರು. ಅವರಿಗಾಗಿ ಯಾವ ಊರಿನಲ್ಲಿ ಬಳೆ ಹಾಕಿಕೊಂಡರು? ಮತ್ತೆ 13ನೇ ವಿಧಿಯಲ್ಲಿ ವಾಪಸ್ ಬರುವ ಹಕ್ಕೂ ಇದೆಯಲ್ಲ. ಅದೇ ಸಾಲನ್ನು ಪ್ಯಾಲೆಸ್ಟೀನಿನವರು ಹಿಡಿದು ತೋರಿಸಿದರೆ ನಿಮ್ಮ ಹೈಫಾದಲ್ಲಿ ಏನಂತಾರೆ?

ಹಳೇ_ಹಾಸ್ಟೆಲ್:

ನಾನು 80ರ ದಶಕದಲ್ಲಿ ಸೋವಿಯತ್ ಸ್ಕಾಲರ್‌ಶಿಪ್ ಮೇಲೆ ಅಲ್ಲಿ ಮೆಡಿಕಲ್ ಓದಿದವನು. ಚಿಕ್ಕಂದಿನಲ್ಲಿ ಮನೆ ತುಂಬಾ ಅಗ್ಗದ, ದಪ್ಪ ರಟ್ಟಿನ, ಬಣ್ಣಬಣ್ಣದ ಸೋವಿಯತ್ ಪುಸ್ತಕಗಳು. ಹಾಗಾಗಿ ಸ್ವರ್ಗಕ್ಕೆ ಹೋಗುವವನ ಹಾಗೆ ಹೋಗಿದ್ದೆ. ನನ್ನನ್ನು ಚೆನ್ನಾಗೇ ನೋಡಿಕೊಂಡರು, ಅದನ್ನು ಅಲ್ಲಗಳೆಯಲ್ಲ.

ನಾನು ಕಣ್ಣಾರೆ ಕಂಡದ್ದು ಎರಡು ಸಂಗತಿ. ಅಲ್ಲಿನವರ ಒಳನಾಡಿನ ಪಾಸ್‌ಪೋರ್ಟಿನಲ್ಲಿ ಜನಾಂಗ ಅಂತ ಒಂದು ಕಲಂ. ರಷ್ಯನ್, ಉಕ್ರೇನಿಯನ್ ಅಂತ ಬರೆಯುವ ಜಾಗದಲ್ಲಿ ಯೆಹೂದಿ ಅಂತ ಬರೆದಿರುತ್ತಿತ್ತು. ದೇವಸ್ಥಾನದ ಮುಖ ನೋಡದವರಿಗೂ ಅದೇ. ಎಲ್ಲರಿಗೂ ಅದು ಐದನೇ ಕಲಂ ಅಂತಲೇ ಗೊತ್ತು. ನನ್ನ ರೂಮ್‌ಮೇಟ್ ಒಬ್ಬನಿಗೆ ಒಳ್ಳೇ ಮಾರ್ಕ್ಸ್ ಇದ್ದರೂ ದೊಡ್ಡ ಇನ್‌ಸ್ಟಿಟ್ಯೂಟಿನಲ್ಲಿ ಸೀಟ್ ಸಿಕ್ಕಿರಲಿಲ್ಲ. ಯಾಕೆ ಅಂದರೆ ಕೈಯ ಐದು ಬೆರಳು ತೋರಿಸಿ ನಗುತ್ತಿದ್ದ.

ಎರಡನೆಯದು, ನಮಗೆ ಪಾಠ ಮಾಡುತ್ತಿದ್ದ ಹಿರಿಯರೊಬ್ಬರು ಒಂದು ಸೋಮವಾರ ಬರಲಿಲ್ಲ. ಟೈಮ್‌ಟೇಬಲಿನಲ್ಲಿ ಅವರ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ ಬೇರೆ ಹೆಸರು ಬರೆದಿದ್ದರು. ಅರ್ಜಿ ಹಾಕಿದ್ದಾರೆ ಅಂತ ಕ್ಯಾಂಟೀನಿನಲ್ಲಿ ಪಿಸುಮಾತು. ಯಾರೂ ಹೋಗಿ ಮಾತಾಡಿಸಲಿಲ್ಲ. ನಾನೂ ಸೇರಿ. ವಿದೇಶಿ ಹುಡುಗ, ಸ್ಕಾಲರ್‌ಶಿಪ್ ಹೋದರೆ ಊರಿಗೆ ಹೇಗೆ ಮುಖ ತೋರಿಸೋದು.

ಪತ್ರಿಕೆಯಲ್ಲಿ ಬೇರೆಯೇ ಕಥೆ ಬರುತ್ತಿತ್ತು. 1983ರಲ್ಲಿ ಸರ್ಕಾರವೇ ಒಂದು ಯೆಹೂದಿ ಮುಖಗಳ ಸಮಿತಿ ಮಾಡಿತ್ತು, ಜಿಯೋನಿಸಂ (ಯೆಹೂದಿಗಳಿಗೆ ತಮ್ಮದೇ ದೇಶ ಬೇಕು ಅನ್ನುವ ಚಳವಳಿ) ವಿರೋಧಿ ಸಮಿತಿ. ಅಧ್ಯಕ್ಷರು ಜನರಲ್ ದ್ರಾಗುನ್ಸ್ಕಿ, ಯುದ್ಧದ ಹೀರೋ. ಹೋಗಬೇಕು ಅನ್ನುವವರೆಲ್ಲ ಹೆಚ್ಚುಕಮ್ಮಿ ಹೋಗಿಯಾಗಿದೆ, ಇನ್ನು ಕುಟುಂಬ ಸೇರಿಸುವ ಕೆಲಸ ಬಾಕಿ ಇಲ್ಲ ಅಂತ ಅವರ ವಾದ. ಬಾಗಿಲು ತೆಗೆದಾಗ 1990ರ ಒಂದೇ ವರ್ಷದಲ್ಲಿ ಇಸ್ರೇಲಿಗೇ ಒಂದೂವರೆ ಲಕ್ಷ ದಾಟಿ ಜನ ಹೋದರು!

ಕುಂದಾಪುರ_ಟು_ಹೈಫಾ:

ಡಾಕ್ಟ್ರೇ, ನಿಮ್ಮ ಐದು ಬೆರಳಿನ ಮಾತನ್ನು ಅಜ್ಜಿಗೆ ಹೇಳಿದೆ. ಅವರೂ ತಕ್ಷಣ ಕೈ ಎತ್ತಿ ತೋರಿಸಿದರು.

ಪ್ರಶ್ನೆ ಮಾಡುವವರಿಗೆ: ಬೇಜಾರೇನಿಲ್ಲ, ಅಂಕಿ ಸರಿಯೇ ಇದೆ. ದೊಡ್ಡ ಬಾಗಿಲು ತೆರೆದದ್ದು, ಮುಚ್ಚಿದ್ದು ದೊಡ್ಡವರ ವ್ಯವಹಾರದಲ್ಲೇ. ಗೋಧಿ, ಸಾಲ, ಕ್ಷಿಪಣಿ ಒಪ್ಪಂದ ಎಲ್ಲ ಅದರಲ್ಲಿತ್ತು. ಅಮೆರಿಕದವರಿಗೂ ಇದು ಬರೀ ಪ್ರೀತಿ ಆಗಿರಲಿಲ್ಲ, ಅವರ ವಿದೇಶಾಂಗ ಕಾರ್ಯದರ್ಶಿ ಕಿಸಿಂಜರ್‌ಗಂತೂ ಆ ತಿದ್ದುಪಡಿ ಬೇಡವೇ ಬೇಡವಾಗಿತ್ತು. ಆದರೆ ಒಳಗಿದ್ದವರಿಗೆ ಬೇಕಿತ್ತು. ಯೆಹೂದಿಯಲ್ಲದ ಸೋವಿಯತ್ ವಿಜ್ಞಾನಿ ಸಖರೋವ್ 1973ರಲ್ಲಿ ಮಾಸ್ಕೋದಲ್ಲಿ ಕೂತೇ ಅಮೆರಿಕದ ಸಂಸತ್ತಿಗೆ ಬಹಿರಂಗ ಪತ್ರ ಬರೆದು ಅದನ್ನು ಪಾಸು ಮಾಡಿ ಅಂದರು. ಅಷ್ಟಕ್ಕೂ ನಾನು ಹೇಳಿದ್ದು ಕಾಗದ ದೊಡ್ಡ ಬಾಗಿಲು ತೆರೆಯಿತು ಅಂತಲ್ಲ. ಬಾಗಿಲು ತೆರೆಯುವ ದಿನದವರೆಗೆ ಆ ಮನುಷ್ಯ ಬದುಕಿರಬೇಕಲ್ಲ. ಬಿಡುಗಡೆಯ ಪಟ್ಟಿ ಬರೆಯುವಾಗ ಅವನ ಹೆಸರು ಯಾರಿಗಾದರೂ ನೆನಪಿರಬೇಕಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ಲೆನಿನ್‌ಗ್ರಾಡಿನ ಕೇಸನ್ನೇ ತೆಗೆದುಕೊಳ್ಳಿ. ಅಜ್ಜಿಯ ಊರಿನದ್ದು, ಅವರು ಆಗ ಹುಡುಗಿ. ವೀಸಾ ಸಿಗದೆ ಬೇಸತ್ತ ಒಂದು ಗುಂಪು 1970ರಲ್ಲಿ 12 ಸೀಟಿನ ಸಣ್ಣ ವಿಮಾನದ ಎಲ್ಲಾ ಟಿಕೆಟ್ ತೆಗೆದುಕೊಂಡಿತು. ಮದುವೆಗೆ ಹೊರಟವರು ಅಂತ ನೆಪ. ದಾರಿಯಲ್ಲಿ ಪೈಲಟ್‌ಗಳನ್ನು ಇಳಿಸಿ ಸ್ವೀಡನ್ನಿಗೆ ಹಾರುವ ಯೋಜನೆ. ಅವರಲ್ಲಿ ಮಾರ್ಕ್ ದಿಮ್ಶಿತ್ಸ್ ಅನ್ನುವವರಿಗೆ ವಿಮಾನ ಓಡಿಸೋಕೆ ಬರುತ್ತಿತ್ತು. ಜೂನ್ 15ರ ಬೆಳಿಗ್ಗೆ ವಿಮಾನ ಹತ್ತುವ ಮುಂಚೆಯೇ ಹಿಡಿದರು. ಹೈಜಾಕ್ ಹೈಜಾಕೇ, ನಾನು ಅದನ್ನು ಸಮರ್ಥಿಸಲ್ಲ. ಆದರೆ ವಿಮಾನ ಮೇಲೇಳಲಿಲ್ಲ, ಯಾರಿಗೂ ಗಾಯವೂ ಆಗಲಿಲ್ಲ. ಡಿಸೆಂಬರ್ 24ರಂದು ದಿಮ್ಶಿತ್ಸ್ ಮತ್ತು ಎದುವಾರ್ದ್ ಕುಜ್ನೆತ್ಸೋವ್‌ಗೆ ಮರಣದಂಡನೆ. ಪ್ರಪಂಚದ ಊರೂರಲ್ಲಿ ಜನ ಬೀದಿಗೆ ಬಂದರು. ಅದೇ ವಾರ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಕೂಡ ಬಾಸ್ಕ್ ಹೋರಾಟಗಾರರ ಮರಣದಂಡನೆ ರದ್ದು ಮಾಡಿದ. ಫ್ರಾಂಕೋಗಿಂತ ಕ್ರೂರಿ ಅನ್ನಿಸಿಕೊಳ್ಳೋದು ಕಮ್ಯುನಿಸ್ಟರಿಗೆ ಆಗುತ್ತಾ? ಡಿಸೆಂಬರ್ 31ಕ್ಕೆ ಶಿಕ್ಷೆ 15 ವರ್ಷಕ್ಕೆ ಇಳಿಯಿತು. ಒಂದೇ ವಾರದಲ್ಲಿ!

1979ರ ಏಪ್ರಿಲ್‌ನಲ್ಲಿ ಆ ಇಬ್ಬರೂ ಗೂಢಚಾರರ ವಿನಿಮಯದಲ್ಲಿ ನ್ಯೂಯಾರ್ಕಿನಲ್ಲಿ ಇಳಿದರು. ಅವರ ಜೊತೆ ಬಂದ ಮೂವರಲ್ಲಿ ಒಬ್ಬರು ಉಕ್ರೇನಿನ ಇತಿಹಾಸಕಾರ, ಒಬ್ಬರು ಬ್ಯಾಪ್ಟಿಸ್ಟ್ ಪಾದ್ರಿ. ಹಾಗಾಗಿ ಬರೀ ಯೆಹೂದಿಗಳ ವಿಷಯ ಅನ್ನುವುದು ಪೂರ್ತಿ ಸರಿಯಲ್ಲ. ಆದರೆ ನಿಮ್ಮ ಮಾತಿನಲ್ಲೂ ಸತ್ಯ ಇದೆ. ಆ ವಿಮಾನದ ಗುಂಪಿನಲ್ಲಿ ಯೆಹೂದಿಗಳಲ್ಲದ ಇಬ್ಬರಿದ್ದರು, ಫ್ಯೋದೊರೊವ್ ಮತ್ತು ಮುರ್ಜೆಂಕೋ. ಅವರ ಹೆಸರಿನ ಬಳೆ ಹಾಕಿಕೊಂಡವರು ಕಮ್ಮಿ. ಉಳಿದವರೆಲ್ಲ ಹೊರಬಂದ ಮೇಲೂ ಅವರಿಬ್ಬರು ಶಿಕ್ಷೆ ಮುಗಿಯುವವರೆಗೆ, 80ರ ದಶಕದ ಮಧ್ಯದವರೆಗೆ, ಒಳಗೇ ಇದ್ದರು. ಕೇಳುವವರು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅಂತ ಒಂದೇ ಕೇಸಿನಲ್ಲಿ ಕಾಣುತ್ತದೆ. ಇದನ್ನು ಹೇಳುವಾಗ ಅಜ್ಜಿಯ ಮುಖ ಸಣ್ಣದಾಯಿತು.

ಲಂಡನ್ನಿನ ಹೆಂಗಸರ ವಿಷಯ ಹೇಳಲೇ ಇಲ್ಲ. 1971ರಲ್ಲಿ ಒಡೆಸ್ಸಾದ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ರೈಸಾ ಪಲಾತ್ನಿಕ್ ಅನ್ನುವ 35 ವರ್ಷದವರನ್ನು ಹಿಡಿದಾಗ, ಅದೇ ವಯಸ್ಸಿನ ಸುಮಾರು 35 ಗೃಹಿಣಿಯರು ಕಪ್ಪು ಬಟ್ಟೆ ಹಾಕಿ ಸೋವಿಯತ್ ಕಚೇರಿ ಮುಂದೆ ಉಪವಾಸ ಕೂತರು. ಮೂವತ್ತೈದರವರು ಅಂತಲೇ ಹೆಸರಾಯಿತು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಪ್ರತಿಭಟನೆಗೆ ಹೋಗಿ, ಸ್ಕೂಲು ಬಿಡುವ ಹೊತ್ತಿಗೆ ವಾಪಸ್ ಬರುವಂಥವರು. ಅಜ್ಜಿಯ ಡಬ್ಬಿಯ ಕಾರ್ಡುಗಳಲ್ಲಿ ಜಾಸ್ತಿ ಅವರ ಕಡೆಯವೇ. 1987ರ ಡಿಸೆಂಬರ್ 6ರಂದು ವಾಷಿಂಗ್ಟನ್ನಿನಲ್ಲಿ ಎರಡೂವರೆ ಲಕ್ಷ ಜನ ಸೇರಿದರು, ಮರುದಿನ ಗೋರ್ಬಚೇವ್ ಬರುವವರಿದ್ದರು. ಪತ್ರಿಕೆಯಲ್ಲಿ ಬಂದದ್ದು ಅದು. ಬರದೇ ಇದ್ದದ್ದು ಈ ಹೆಂಗಸರ ಹದಿನೈದು ವರ್ಷದ ಸ್ಟಾಂಪಿನ ಖರ್ಚು.

ಇನ್ನು ಪ್ಯಾಲೆಸ್ಟೀನಿನವರ ಮಾತು. ಹೌದು, ಅದೇ ಸಾಲು, ಅದೇ ಘೋಷಣೆ. ಹೈಫಾದಲ್ಲಿ ಅದನ್ನು ಕೇಳಿದರೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಅಜ್ಜಿಯ ಮಗಳೂ ಮೊಮ್ಮಗನೂ ಊಟದ ಮೇಜಿನಲ್ಲೇ ಕಿತ್ತಾಡುತ್ತಾರೆ. ನನಗನ್ನಿಸುವುದನ್ನು ಕೇಳಿದರೆ, ಹೋಗುವ ಅರ್ಧವನ್ನು ಹಿಡಿದುಕೊಂಡು ಬರುವ ಅರ್ಧವನ್ನು ಮರೆಯೋದು ಸರಿಯಲ್ಲ. ಅಜ್ಜಿ ಈ ವಿಷಯಕ್ಕೆ ಬಾಯಿ ಬಿಡಲ್ಲ. ಆದರೆ ನಾನು ಬಂದ ದಿನ ಅವರು ಕೇಳಿದ ಮೊದಲ ಮಾತು, ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಅಂತ. ಕರೆತಂದ ಏಜೆಂಟ್ ಹತ್ತಿರ ಇದೆ ಅಂದೆ. ನನ್ನ ಬ್ಯಾಗು ಬಿಚ್ಚೋಕೂ ಬಿಡದೆ ಮಗಳಿಗೆ ಫೋನ್ ಹಚ್ಚಿಸಿದರು. ಇನ್ನೊಬ್ಬರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳೋದು ಇಲ್ಲಿ ಅಪರಾಧ ಅಂತ ನನಗೆ ಗೊತ್ತಾದದ್ದೇ ಅವತ್ತು. ಮರುದಿನ ಪಾಸ್‌ಪೋರ್ಟ್ ನನ್ನ ಕೈಗೆ ಬಂತು.

ಲಾ_ಧಾರವಾಡ:

ಅಕ್ಕಾ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೀನಿಯರ್‌ಗೆ ಫಾರ್ವರ್ಡ್ ಮಾಡಿದೆ. 110 ದಿನದ ಉಪವಾಸ ಓದಿ ಸುಮ್ಮನಾದರು, ಆಮೇಲೆ ಎರಡು ಪ್ರಶ್ನೆ ಹಾಕಿದರು. ಸರ್ಕಾರದ ರಹಸ್ಯ ಗೊತ್ತಿರುವವರನ್ನು ತಡೆಯುವುದು ತಪ್ಪಾ? ನಮ್ಮಲ್ಲೂ ದೇಶದ ಭದ್ರತೆ ಅಂತ ಪಾಸ್‌ಪೋರ್ಟ್ ತಡೆಯಬಹುದಲ್ಲ? ಬೆಂಚ್ ಇದನ್ನೇ ಕೇಳುತ್ತದೆ ಅಂತ ಅವರ ಅಂದಾಜು.

ಕಪ್ಪುಕೋಟು_ಮೈಸೂರು:

ಕೇಳೇ ಕೇಳುತ್ತಾರೆ. ಭದ್ರತೆಯ ಕಾರಣಕ್ಕೆ ತಡೆಯಲೇಬಾರದು ಅಂತ ವಾದಿಸಬೇಡಿ, ಸೋಲ್ತೀರಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಮೂರನೇ ಭಾಗದಲ್ಲೇ ಆ ಅವಕಾಶ ಇದೆ. ನಮ್ಮ ಪಾಸ್‌ಪೋರ್ಟ್ ಕಾಯ್ದೆಯ 10ನೇ ಸೆಕ್ಷನ್‌ನಲ್ಲೂ ಇದೆ.

ನೀವು ಹಿಡಿಯಬೇಕಾದದ್ದು ಅಕ್ಕ ಹೇಳಿದ ಆ ಕೌಂಟರ್. ತಡೆ ಹಾಕುವುದಾದರೆ ಕಾನೂನಿನಲ್ಲಿ ಬರೆದಿರಬೇಕು. ಕಾರಣ ಬರವಣಿಗೆಯಲ್ಲಿರಬೇಕು. ಅವಧಿ ಇರಬೇಕು. ಕೇಳೋಕೆ ಇನ್ನೊಂದು ಮೆಟ್ಟಿಲಿರಬೇಕು. ಅಜ್ಜಿಯ ಯಜಮಾನರ ವಿಷಯದಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಸ್ಲೆಪಾಕ್ ವಿಷಯ ಕೇಳಿ: ಅವರು ಕೆಲಸ ಬಿಟ್ಟು 17 ವರ್ಷ ಆದಮೇಲೆ ಯಾವ ಯಂತ್ರದ ರಹಸ್ಯ ಉಳಿದಿರುತ್ತದೆ?

ಆಮೇಲೆ ಮೇನಕಾಗೆ ಬನ್ನಿ. 1977ರ ಜುಲೈಯಲ್ಲಿ ಅವರ ಪಾಸ್‌ಪೋರ್ಟ್ ತೆಗೆದುಕೊಂಡಾಗ ಕಾರಣ ಕೇಳಿದರು. ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಕೊಡಲ್ಲ ಅಂತ ಸರ್ಕಾರದ ಉತ್ತರ. ಲೆನಿನ್‌ಗ್ರಾಡಿನ ಆ ಹೆಂಗಸೂ ಇದನ್ನೇ ಹೇಳಿದ್ದು, ತಲೆ ಎತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಅದನ್ನು ಕಾಗದದಲ್ಲಿ ಕೊಟ್ಟರು, ಆ ಕಾಗದ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗೋಕಾಯಿತು. 1978ರ ಜನವರಿ 25ಕ್ಕೆ ತೀರ್ಪು. ಅದೇ ವರ್ಷ ಜುಲೈಯಲ್ಲಿ ಮಾಸ್ಕೋದಲ್ಲಿ ಶರಾನ್ಸ್ಕಿ ವಿಚಾರಣೆ. ಎರಡು ತಾರೀಕನ್ನೂ ಅಕ್ಕಪಕ್ಕ ಇಟ್ಟು ಹೇಳಿ, ಬೆಂಚಿನವರು ಪೆನ್ನು ಎತ್ತುತ್ತಾರೆ.

ಮೆಮೋರಿಯಲ್ (ಲಿಖಿತ ವಾದ) ಬರೆದ ಮೇಲೆ ಇಲ್ಲಿ ಹಾಕಿ. ಸೆಕ್ಷನ್ ನಂಬರುಗಳನ್ನು ನಾನು ಒಮ್ಮೆ ನೋಡಿಕೊಡುತ್ತೇನೆ.